ಕ್ಯಾಮ್‌ಶಾಫ್ಟ್ ಬಿಚ್ಚಿ ಮತ್ತೆ ಕೂರಿಸೋದು, ಟೈಮಿಂಗ್ ಕೆಡದಂಗೆ

ಕ್ಯಾಮ್‌ಶಾಫ್ಟ್ (ಎಂಜಿನ್ ವಾಲ್ವುಗಳನ್ನ ತೆರೆದು ಮುಚ್ಚೋ ದಂಡ) ಬಿಚ್ಚೋಕೆ ಶಕ್ತಿ ಏನೂ ಬೇಕಾಗಲ್ಲ. ತುಂಬಾ ಎಂಜಿನ್‌ಗಳಲ್ಲಿ ಕ್ಯಾಮನ್ನ ಹೆಡ್ಡಿಗೆ ಒತ್ತಿ ಕೂರಿಸೋ ಕ್ಯಾಪುಗಳನ್ನ ಹಿಡಿದಿರೋದು 10 ನಂಬರ್ ಸ್ಪ್ಯಾನರ್ ಕೂರೋ ಸಣ್ಣ ಬೋಲ್ಟುಗಳೇ, ಒಂದು ಕೈಯಲ್ಲೇ ಸಡಿಲ ಆಗ್ತಾವೆ. ಕೆಡೋದು ಎಲ್ಲಿ ಅಂದ್ರೆ ಎರಡೇ ಕಡೆ. ಒಂದು, ಬೋಲ್ಟನ್ನ ಒಂದೊಂದೇ ಪೂರ್ತಿ ಬಿಚ್ಚಿ ಎಸೆಯೋದು. ಇನ್ನೊಂದು, ಯಾವ ಕ್ಯಾಪು, ಯಾವ ಬಕೆಟ್ಟು (ಕ್ಯಾಮಿಗೂ ವಾಲ್ವಿಗೂ ನಡುವೆ ಕೂರೋ ಬಟ್ಟಲು) ಎಲ್ಲಿಂದ ಬಂತು ಅನ್ನೋ ಲೆಕ್ಕ ತಪ್ಪಿಸ್ಕೊಳ್ಳೋದು. ಇವೆರಡು ಹಿಡಿತದಲ್ಲಿದ್ರೆ ಉಳಿದಿದ್ದೆಲ್ಲ ನಿಧಾನದ ಕೆಲಸ ಅಷ್ಟೇ.

ನಾನಿಲ್ಲಿ ಹೇಳ್ತಿರೋದು 4 ಸಿಲಿಂಡರ್, ಹೆಡ್ ಮೇಲೆ ಎರಡು ಕ್ಯಾಮ್ ಇರೋ, ಟೈಮಿಂಗ್ ಚೈನ್ ಇರೋ ಪೆಟ್ರೋಲ್ ಎಂಜಿನ್ ಲೆಕ್ಕದಲ್ಲಿ, ಯಾಕಂದ್ರೆ ಈಗ ಜಾಸ್ತಿ ಸಿಗೋದು ಅದೇ. ಬೆಲ್ಟ್ ಇರೋದಾದ್ರೆ ಎಲ್ಲಿ ಬದಲಾಗತ್ತೋ ಅಲ್ಲಲ್ಲೇ ಹೇಳ್ತೀನಿ. ಟಾರ್ಕ್ ನಂಬರು, ಬೋಲ್ಟ್ ಬಿಚ್ಚೋ ಆರ್ಡರು, ಗ್ಯಾಪ್ ಎಷ್ಟಿರಬೇಕು ಇವು ಮಾತ್ರ ನಿಮ್ಮ ಎಂಜಿನ್‌ನ ಸರ್ವಿಸ್ ಮ್ಯಾನ್ಯುಯಲ್ ನೋಡೇ ಹಾಕಿ, ನಾನು ಕೊಡೋ ನಂಬರುಗಳು ಅಂದಾಜು ಸಿಗಲಿ ಅಂತ ಮಾತ್ರ.

ಮೊದ್ಲು ಕ್ಯಾಮ್ ಯಾಕೆ ಬಿಚ್ತಿದೀರ ಅಂತ ಸ್ವಲ್ಪ ಯೋಚ್ನೆ ಮಾಡಿ. ಲೋಬ್ (ವಾಲ್ವ್ ಒತ್ತೋ ಕ್ಯಾಮಿನ ಉಬ್ಬು) ಸವೆದು ಒಂದು ಸಿಲಿಂಡರ್ ಮಿಸ್ ಹೊಡೀತಿದೆಯಾ, ಟ್ಯಾಪೆಟ್ ಸೌಂಡಿಗೆ ಶಿಮ್ (ಗ್ಯಾಪ್ ಹೊಂದಿಸೋ ಲೋಹದ ಬಿಲ್ಲೆ) ಬದಲಾಯಿಸಬೇಕಾ, ಹೆಡ್ ಇಳಿಸೋಕಾ, ಇಲ್ಲಾ ಎಣ್ಣೆ ಒತ್ತಡದಲ್ಲಿ ತಾನೇ ಗ್ಯಾಪ್ ಸರಿ ಮಾಡ್ಕೊಳ್ಳೋ ಹೈಡ್ರಾಲಿಕ್ ಟ್ಯಾಪೆಟ್ ಸತ್ತಿದೆಯಾ. ಶಿಮ್ಮಿಗೆ ಬಿಚ್ಚೋದಾದ್ರೆ ಬಿಚ್ಚೋಕ್ ಮುಂಚೆನೇ ಪ್ರತಿ ವಾಲ್ವಿನ ಗ್ಯಾಪ್ (ಲೋಬಿಗೂ ಬಕೆಟ್ಟಿಗೂ ನಡುವಿನ ಜಾಗ) ಅಳೆದು ಬರ್ಕೊಂಡಿರಬೇಕು, ಕ್ಯಾಮ್ ಎತ್ತಿದ ಮೇಲೆ ಅಳೆಯೋಕೆ ಏನೂ ಉಳಿದಿರಲ್ಲ. ಇದನ್ನ ಮರೆತು ಕ್ಯಾಮ್ ಎತ್ತಿ ಆಮೇಲೆ ತಲೆ ಮೇಲೆ ಕೈ ಇಟ್ಕೊಂಡು ಕೂತವನು ನಾನೇ, ಹಳೇ ಶಿಮ್ಮುಗಳನ್ನೇ ಹಾಕಿ ಕ್ಯಾಮ್ ಕೂರಿಸಿ ಅಳೆದು ಮತ್ತೆ ಬಿಚ್ಚಿದೆ, ಒಂದು ಇಡೀ ದಿನ ಹೋಯ್ತು.

ಸಾಮಾನುಗಳಲ್ಲಿ ಮುಖ್ಯವಾದ್ದು ಸಣ್ಣ ಟಾರ್ಕ್ ರೆಂಚು. 5ರಿಂದ 25 ನ್ಯೂಟನ್ ಮೀಟರ್ ರೇಂಜಿಂದು. ವೀಲ್ ನಟ್ ಟೈಟ್ ಮಾಡೋ ದೊಡ್ಡ ರೆಂಚಲ್ಲಿ ಇದನ್ನ ಮಾಡೋಕೆ ಹೋಗ್ಬೇಡಿ, ಅದರ ಕೆಳಗಿನ ಕೊನೆಯಲ್ಲಿ ಕ್ಲಿಕ್ ಸೌಂಡ್ ಬಂದಿದ್ದೇ ಗೊತ್ತಾಗಲ್ಲ, ಅಷ್ಟರಲ್ಲಿ ಅಲ್ಯೂಮಿನಿಯಂ ಹೆಡ್ಡಿನ ತ್ರೆಡ್ ಕೈಗೆ ಬಂದಿರತ್ತೆ. ಅದು ಬಿಟ್ರೆ ಫೀಲರ್ ಗೇಜ್, ಮೈಕ್ರೋಮೀಟರ್, ದೊಡ್ಡ ಓಪನ್ ಸ್ಪ್ಯಾನರ್ ಒಂದು, ಮ್ಯಾಗ್ನೆಟ್ ಕಡ್ಡಿ, ಕೇಬಲ್ ಟೈ, ಬಿಳಿ ಪೇಂಟ್ ಪೆನ್ನು, ತಂತಿ, ಸ್ವಚ್ಛ ಬಟ್ಟೆ, ಎಂಜಿನ್ ಅಸೆಂಬ್ಲಿಗೆ ಅಂತ ಬರೋ ಮಂದ ಲ್ಯೂಬ್, ಹೊಸ ಟ್ಯಾಪೆಟ್ ಕವರ್ ಪ್ಯಾಕಿಂಗು, ಸಿಲಿಕಾನ್ ಸೀಲೆಂಟು. ಬೆಲ್ಟ್ ಎಂಜಿನ್ ಆದ್ರೆ ಕ್ಯಾಮ್‌ನ ಮುಂದಿನ ಆಯಿಲ್ ಸೀಲ್ ಹೊಸದು ತಂದಿಟ್ಕೊಳ್ಳಿ, ಹಳೇದನ್ನ ಮತ್ತೆ ಹಾಕಿದ್ರೆ ಅದು ಲೀಕ್ ಆಗೇ ಆಗತ್ತೆ ಅಂತ ಅಂದ್ಕೊಂಡುಬಿಡಿ. ಇನ್ನೂ ಒಂದು, ಮೊಟ್ಟೆ ಟ್ರೇ. ತಮಾಷೆ ಅಲ್ಲ, 16 ಬಕೆಟ್ ಅದರ ಅದರ ಜಾಗದ ಪ್ರಕಾರ ಇಡೋಕೆ ಅದಕ್ಕಿಂತ ಒಳ್ಳೇದು ನಾನು ನೋಡಿಲ್ಲ. ಟ್ರೇಯ ಒಂದು ತುದಿಗೆ "ಮುಂದೆ" ಅಂತ ಬರೆದಿಡಿ, ಒಂದು ಸಾಲು ಇನ್‌ಟೇಕ್, ಒಂದು ಸಾಲು ಎಕ್ಸಾಸ್ಟ್.

ಎಂಜಿನ್ ಪೂರ್ತಿ ತಣ್ಣಗಾಗಿರಬೇಕು, ಹಿಂದಿನ ರಾತ್ರಿ ನಿಲ್ಲಿಸಿದ್ದಾದ್ರೆ ಇನ್ನೂ ಒಳ್ಳೇದು, ವಾಲ್ವ್ ಗ್ಯಾಪ್ ಅಳೆಯೋದು ತಣ್ಣಗಿದ್ದಾಗಲೇ. ಬ್ಯಾಟರಿ ನೆಗೆಟಿವ್ ತೆಗೀರಿ. ಎಂಜಿನ್ ಮೇಲಿನ ಪ್ಲಾಸ್ಟಿಕ್ ಕವರು, ಕಾಯಿಲ್‌ಗಳು, ಬ್ರೀದರ್ ಪೈಪು, ದಾರಿಗೆ ಅಡ್ಡ ಬರೋ ವೈರಿಂಗು ಎಲ್ಲಾ ತೆಗೆದು, ಟ್ಯಾಪೆಟ್ ಕವರ್ ಎತ್ತೋ ಮುಂಚೆ ಸುತ್ತ ಇರೋ ಮಣ್ಣು ಧೂಳು ಬ್ರಷ್ ಹಾಕಿ ಒರೆಸಿ, ಗಾಳಿ ಹೊಡೀರಿ. ಕವರ್ ಎತ್ತಿದ ಮೇಲೆ ಬೀಳೋ ಮರಳಿನ ಕಾಳು ಒಂದೊಂದೂ ನೇರ ಕ್ಯಾಮ್ ಬೇರಿಂಗಿಗೇ ಹೋಗತ್ತೆ. ಸ್ಪಾರ್ಕ್ ಪ್ಲಗ್ ನಾಲ್ಕೂ ತೆಗೆದುಬಿಡಿ, ಎಂಜಿನ್ ಕೈಯಲ್ಲಿ ತಿರುಗಿಸೋಕೆ ಸಲೀಸು, ತೆಗೆದ ತಕ್ಷಣ ಪ್ಲಗ್ ತೂತಿಗೆ ಬಟ್ಟೆ ತುರುಕಿ. ಟೈಮಿಂಗ್ ಚೈನ್ ಇಳಿಯೋ ಬಾವಿ ಇದೆಯಲ್ಲ ಅದಕ್ಕೂ ದೊಡ್ಡ ಬಟ್ಟೆ ಒಂದೇ ತುಂಡು ತುರುಕಿ (ಎಂಜಿನ್ ತಿರುಗಿಸೋವಾಗ ಮಾತ್ರ ತೆಗೆದು, ಆಮೇಲೆ ಮತ್ತೆ ತುರುಕಿ), ಸಣ್ಣ ಸಣ್ಣ ಚಿಂದಿ ಬೇಡ, ಒಂದು ಒಳಗೆ ಹೋದ್ರೆ ಸಂಪ್‌ವರೆಗೆ ಹುಡುಕಬೇಕಾಗತ್ತೆ. ನನ್ನ ಕೈಯಿಂದ ಒಂದ್ಸಲ ಕ್ಯಾಪಿನ ಸಣ್ಣ ಡೋವೆಲ್ ಪಿನ್ ಆ ಬಾವಿಗೆ ಬಿತ್ತು, ಬಟ್ಟೆ ಇಟ್ಟಿರಲಿಲ್ಲ, ಮ್ಯಾಗ್ನೆಟ್ ಕಡ್ಡಿ ಇಳಿಸಿ ಇಳಿಸಿ ಮುಕ್ಕಾಲು ಗಂಟೆ ಮೀನು ಹಿಡಿದಂಗೆ ಹಿಡಿದೆ.

ಈಗ ಟೈಮಿಂಗ್ ಮಾರ್ಕ್, ಅಂದ್ರೆ ಕ್ರ್ಯಾಂಕು (ಪಿಸ್ಟನ್‌ಗಳು ತಿರುಗಿಸೋ ದಂಡ) ಮತ್ತೆ ಕ್ಯಾಮು ಒಂದಕ್ಕೊಂದು ಹೊಂದಿ ನಿಂತಿವೆ ಅಂತ ತೋರಿಸೋ ಗುರುತು. ಕ್ರ್ಯಾಂಕ್ ಪುಲ್ಲಿ ಬೋಲ್ಟಿಗೆ ಸಾಕೆಟ್ ಹಾಕಿ ಎಂಜಿನ್ ಯಾವ ಕಡೆ ಓಡತ್ತೋ ಅದೇ ಕಡೆ ತಿರುಗಿಸಿ, ಹೆಚ್ಚಿನವು ಪುಲ್ಲಿ ಕಡೆಯಿಂದ ನೋಡಿದ್ರೆ ಗಡಿಯಾರದ ಮುಳ್ಳಿನ ಕಡೆಗೇ ಓಡ್ತಾವೆ. ಹಿಂದಕ್ಕೆ ತಿರುಗಿಸ್ಬೇಡಿ, ಟೆನ್ಶನರ್ (ಚೈನನ್ನ ಬಿಗಿಯಾಗಿ ಇಡೋ ಭಾಗ) ಇಲ್ಲದ ಕಡೆ ಚೈನ್ ಸಡಿಲಾಗಿ ಹಲ್ಲು ಹಾರೋ ಚಾನ್ಸ್ ಇರತ್ತೆ. ಒಂದನೇ ಸಿಲಿಂಡರ್ ಕಂಪ್ರೆಶನ್ ಟಿಡಿಸಿಗೆ ಬರಬೇಕು, ಅಂದ್ರೆ ಪಿಸ್ಟನ್ ತುತ್ತತುದಿಯಲ್ಲಿ, ಅದರ ಇನ್‌ಟೇಕ್ ಎಕ್ಸಾಸ್ಟ್ ವಾಲ್ವ್ ಎಲ್ಲಾ ಮುಚ್ಚಿ. ಪುಲ್ಲಿ ಮಾರ್ಕ್ ಮಾತ್ರ ನಂಬಬೇಡಿ. ಕ್ಯಾಮ್ ತಿರುಗೋದು ಕ್ರ್ಯಾಂಕಿನ ಅರ್ಧ ಸ್ಪೀಡಲ್ಲಿ, ಕ್ರ್ಯಾಂಕ್ ಎರಡು ಸುತ್ತು ಹಾಕಿದಾಗ ಕ್ಯಾಮ್ ಒಂದು, ಹಂಗಾಗಿ ಪುಲ್ಲಿ ಮಾರ್ಕ್ ಸರಿಹೋಗಿದ್ರೂ ಅರ್ಧ ಸಲ ನೀವು ಬೇರೆ ಟಿಡಿಸಿಯಲ್ಲಿ ಇರ್ತೀರ. ಒಂದನೇ ಸಿಲಿಂಡರಿನ ಲೋಬುಗಳ ಮೂತಿ ನೋಡಿ, ಎರಡೂ ಕ್ಯಾಮಿನವು ಬಕೆಟ್ ಒತ್ತದೆ ದೂರಕ್ಕೆ ಮುಖ ಮಾಡಿದ್ರೆ ಸರಿ. ಒತ್ತೋಕೆ ಶುರು ಮಾಡಿದಂಗೆ ಕಂಡ್ರೆ ಇನ್ನೊಂದು ಪೂರ್ತಿ ಸುತ್ತು ತಿರುಗಿಸಿ.

ಇಲ್ಲಿ ಮೊಬೈಲ್ ತೆಗೆದು ಫೋಟೋ ಹೊಡೀರಿ, ಒಂದಲ್ಲ ಹತ್ತು. ಎರಡೂ ಸ್ಪ್ರಾಕೆಟ್ಟಿನ (ಚೈನ್ ಕೂರೋ ಹಲ್ಲಿನ ಚಕ್ರ) ಮಾರ್ಕು ಹೆಡ್ಡಿನ ಮೇಲ್ಮೈಗೆ ಹೋಲಿಸಿ ನೇರ ಮುಂದಿನಿಂದ, ಲೋಬುಗಳು ಮೇಲಿನಿಂದ, ಕ್ಯಾಪ್ ನಂಬರುಗಳು. ಆಮೇಲೆ ಪೇಂಟ್ ಪೆನ್ನಲ್ಲಿ ಚೈನ್ ಲಿಂಕಿಗೂ ಅದು ಕೂತಿರೋ ಸ್ಪ್ರಾಕೆಟ್ ಹಲ್ಲಿಗೂ ಮಾರ್ಕ್ ಹಾಕಿ, ಎರಡೂ ಸ್ಪ್ರಾಕೆಟ್ಟಿಗೆ. ಕಂಪನಿಯಿಂದಲೇ ಬಣ್ಣದ ಲಿಂಕ್ ಇರತ್ತಲ್ಲ ಅಂತ ಕಾಯ್ತಾ ಕೂರಬೇಡಿ, ಚೈನ್ ಲಿಂಕು ಸ್ಪ್ರಾಕೆಟ್ ಹಲ್ಲು ಲೆಕ್ಕ ಬೇರೆ ಬೇರೆ ಇರೋದ್ರಿಂದ ಆ ಬಣ್ಣದ ಲಿಂಕ್ ಮತ್ತೆ ಮಾರ್ಕಿಗೆ ಎದುರಾಗಿ ಬರೋಕೆ ತುಂಬಾ ಸುತ್ತು ಹಾಕ್ಬೇಕು. ನಿಮ್ಮ ಪೇಂಟೇ ನಿಮಗೆ ಸಾಕ್ಷಿ.

ಗ್ಯಾಪ್ ಅಳೆಯೋ ಎಂಜಿನ್ ಆದ್ರೆ ಈಗ ಅಳೀರಿ. ಲೋಬಿನ ಬೆನ್ನು ಬಕೆಟ್ ಕಡೆ ಇರೋ ವಾಲ್ವುಗಳನ್ನ ಮಾತ್ರ, ಉಳಿದವಕ್ಕೆ ಎಂಜಿನ್ ತಿರುಗಿಸಿ, ಮುಗಿದ ಮೇಲೆ ಮತ್ತೆ ಟಿಡಿಸಿಗೆ ತನ್ನಿ, ಪೇಂಟ್ ಹಾಕಿದ್ರೆ ಅದನ್ನ ಅಳಿಸಿ ಹೊಸದಾಗಿ ಹಾಕಿ. ಇನ್‌ಟೇಕಿಗೆ 0.20 ಎಂಎಂ ಆಸುಪಾಸು, ಎಕ್ಸಾಸ್ಟಿಗೆ 0.30 ಎಂಎಂ ಆಸುಪಾಸು ಇರೋದು ಸಾಮಾನ್ಯ, ಎಕ್ಸಾಸ್ಟ್ ವಾಲ್ವ್ ಜಾಸ್ತಿ ಕಾಯ್ದು ಜಾಸ್ತಿ ಉದ್ದ ಆಗೋದ್ರಿಂದ ಅದಕ್ಕೆ ಜಾಸ್ತಿ ಜಾಗ. ಶಿಮ್ ಲೆಕ್ಕ ಸುಲಭ: ಹಳೇ ಶಿಮ್ ದಪ್ಪಕ್ಕೆ ಅಳೆದ ಗ್ಯಾಪ್ ಕೂಡಿಸಿ, ಬೇಕಾದ ಗ್ಯಾಪ್ ಕಳೀರಿ. ಉದಾಹರಣೆಗೆ ಶಿಮ್ 2.50, ಅಳೆದಿದ್ದು 0.12, ಬೇಕಾಗಿದ್ದು 0.20, ಆಗ ಹೊಸ ಶಿಮ್ 2.42. ಗ್ಯಾಪ್ ಕಡಿಮೆ ಇದ್ರೆ ತೆಳು ಶಿಮ್ಮು, ಇದನ್ನ ತಿರುವುಮುರುವು ಮಾಡೋರು ತುಂಬಾ ಜನ ಇದಾರೆ.

ಕ್ಯಾಮ್‌ಗೆ ಸ್ಪ್ರಾಕೆಟ್ಟು ಬೇರೆ ಮಾಡೋದಿದ್ರೆ ಅದರ ಬೋಲ್ಟ್ ಸಡಿಲ ಮಾಡೋದು ಈಗಲೇ, ಕ್ಯಾಮ್ ಇನ್ನೂ ಕ್ಯಾಪ್ ಒಳಗೆ ಗಟ್ಟಿಯಾಗಿರೋವಾಗ. ಕ್ಯಾಮ್ ಮೇಲೆ ಲೋಬುಗಳ ನಡುವೆ ಒಂದು ಕಡೆ ಆರು ಮೂಲೆಯ ಭಾಗ ಇರತ್ತೆ ನೋಡಿ, ಅದು ಇರೋದೇ ಸ್ಪ್ಯಾನರ್ ಹಾಕಿ ಹಿಡಿಯೋಕೆ. ಅದನ್ನ ಹಿಡ್ಕೊಂಡು ಬೋಲ್ಟ್ ತಿರುಗಿಸಿ, ಚೈನ್ ಮೇಲೆ ಜೋರು ಬೀಳಬಾರದು, ಸ್ಪ್ಯಾನರ್ ತುದಿ ಹೆಡ್ಡಿಗೆ ತಾಗ್ತಿದ್ರೆ ನಡುವೆ ಮರದ ತುಂಡು ಇಡಿ. ವೇರಿಯಬಲ್ ವಾಲ್ವ್ ಟೈಮಿಂಗ್ ಇರೋ ಎಂಜಿನ್ನಲ್ಲಿ ಸ್ಪ್ರಾಕೆಟ್ ಜಾಗದಲ್ಲಿ ದಪ್ಪ ಡಬ್ಬಿ ಥರದ ಫೇಸರ್ ಇರತ್ತೆ, ಅದರ ನಡುವಿನ ಬೋಲ್ಟ್ ಬಿಟ್ಟು ಅಕ್ಕಪಕ್ಕದ ಸಣ್ಣ ಬೋಲ್ಟುಗಳನ್ನ ಮುಟ್ಟಲೇಬೇಡಿ, ಅವು ಫೇಸರನ್ನೇ ಒಡೆದು ಬಿಚ್ಚೋವು.

ಟೆನ್ಶನರ್ ಸರದಿ. ತುಂಬಾ ಎಂಜಿನ್‌ಗಳಲ್ಲಿ ಅದನ್ನ ಹೊರಗಿನಿಂದಲೇ ಎರಡು ಬೋಲ್ಟ್ ಬಿಚ್ಚಿ ತೆಗೀಬಹುದು, ಕೆಲವಕ್ಕೆ ಸಣ್ಣ ಮುಚ್ಚಳ ತೆಗೆದು ಒಳಗೆ ಪ್ಲಂಜರ್ ಹಿಂದಕ್ಕೆ ತಳ್ಳಿ ಪಿನ್ ಹಾಕಿ ಲಾಕ್ ಮಾಡ್ಬೇಕು. ಕೆಲವಕ್ಕೆ ಮುಂದಿನ ಟೈಮಿಂಗ್ ಕವರೇ ಇಳಿಸಬೇಕು, ಆಗ ಕೆಲಸ ಎರಡು ಪಟ್ಟು. ಟೆನ್ಶನರ್ ತೆಗೆದ ಮೇಲೆ ಕ್ರ್ಯಾಂಕ್ ತಿರುಗಿಸ್ಬೇಡಿ, ಬೇರೆಯವರು ಬಂದು ತಿರುಗಿಸದಂಗೆ ಸಾಕೆಟ್ಟೂ ಪುಲ್ಲಿಯಿಂದ ತೆಗೆದಿಡಿ. ಚೈನನ್ನ ತಂತಿಯಲ್ಲಿ ಮೇಲಕ್ಕೆ ಎಳೆದು ಬಾನೆಟ್ಟಿಗೋ ಪಕ್ಕದ ಬ್ರಾಕೆಟ್ಟಿಗೋ ಕಟ್ಟಿ. ಕೈಬಿಟ್ರೆ ಕೆಳಗೆ ಕ್ರ್ಯಾಂಕ್ ಸ್ಪ್ರಾಕೆಟ್ಟಿಂದ ಕಳಚಿ ಬೀಳತ್ತೆ, ಆಗ ಕವರ್ ಇಳಿಸದೆ ಬೇರೆ ದಾರಿನೇ ಇರಲ್ಲ.

ಇನ್ನು ಕ್ಯಾಪ್. ಇಲ್ಲಿ ಉಸಿರು ಬಿಗಿ ಹಿಡಿದು ನಿಧಾನ. ಕ್ಯಾಮ್ ಕೆಳಗೆ ವಾಲ್ವ್ ಸ್ಪ್ರಿಂಗುಗಳು ಮೇಲಕ್ಕೆ ತಳ್ತಾ ಇರ್ತಾವೆ, ಆದ್ರೆ ಎಲ್ಲಾ ಕಡೆ ಒಂದೇ ಸಮ ಅಲ್ಲ, ಯಾವ ಲೋಬ್ ವಾಲ್ವ್ ತೆರೆದು ನಿಂತಿದೆಯೋ ಅಲ್ಲಿ ಮಾತ್ರ. ಒಂದು ಕಡೆ ಕ್ಯಾಪ್ ಪೂರ್ತಿ ಬಿಚ್ಚಿ ಇನ್ನೊಂದು ಕಡೆ ಟೈಟ್ ಬಿಟ್ರೆ ಕ್ಯಾಮ್ ಬಿಲ್ಲಿನ ಥರ ಬಗ್ಗತ್ತೆ, ಎರಕದ ಕಬ್ಬಿಣದ ಕ್ಯಾಮ್ ಬಗ್ಗಲ್ಲ, ಟಕ್ ಅಂತ ಮುರಿಯತ್ತೆ. ಕ್ಯಾಮ್ ಉಳಿದ್ರೂ ಕೊನೇ ಕ್ಯಾಪು ಬಿರುಕು ಬಿಡತ್ತೆ, ಕ್ಯಾಪ್ ಒಡೆದ್ರೆ ಅದೊಂದೇ ತಂದು ಹಾಕೋಕಾಗಲ್ಲ, ಯಾಕಂದ್ರೆ ಕ್ಯಾಪುಗಳನ್ನ ಹೆಡ್ಡಿಗೆ ಕೂರಿಸಿ ಒಟ್ಟಿಗೇ ತೂತು ಕೊರೆದಿರ್ತಾರೆ, ಆ ಹೆಡ್ಡಿಗೆ ಆ ಕ್ಯಾಪೇ. ಅದಕ್ಕೇ ಎಲ್ಲಾ ಬೋಲ್ಟನ್ನೂ ಕಾಲು ಸುತ್ತು, ಮತ್ತೆ ಎಲ್ಲವನ್ನೂ ಕಾಲು ಸುತ್ತು, ಹಿಂಗೆ ನಾಲ್ಕೈದು ರೌಂಡು. ಆರ್ಡರ್ ಸಾಮಾನ್ಯವಾಗಿ ಎರಡೂ ತುದಿಯಿಂದ ನಡುವಿಗೆ, ಮ್ಯಾನ್ಯುಯಲ್ ಬೇರೆ ಹೇಳಿದ್ರೆ ಅದೇ ಸರಿ. ಸ್ವಲ್ಪ ಹೊತ್ತಿಗೆ ಬೋಲ್ಟ್ ಬೆರಳಲ್ಲೇ ತಿರುಗೋ ಹಂಗಾಗತ್ತೆ, ಕ್ಯಾಮ್ ತಾನೇ ಮೇಲೆ ಎದ್ದಿರೋದು ಕಾಣತ್ತೆ, ಆಗ ಪೂರ್ತಿ ಬಿಚ್ಚಿ.

ಕ್ಯಾಪ್ ಮೇಲೆ ನೋಡಿ, ಐ1, ಐ2, ಇ1, ಇ2 ಅಂತ ಕೆತ್ತಿರತ್ತೆ, ಜೊತೆಗೆ ಒಂದು ಬಾಣ, ಅದು ಎಂಜಿನ್ ಮುಂದಿನ ಕಡೆಗೆ. ಕೆತ್ತಿಲ್ಲ ಅಂದ್ರೆ ನೀವೇ ಪೇಂಟಲ್ಲಿ ಬರೀರಿ. ಅಂಟ್ಕೊಂಡಿರೋ ಕ್ಯಾಪನ್ನ ಸ್ಕ್ರೂಡ್ರೈವರ್ ತುರುಕಿ ಮೀಟಬೇಡಿ, ಬೋಲ್ಟ್ ಅರ್ಧ ಹಾಕಿ ಅದನ್ನೇ ಹಿಡಿದು ಆ ಕಡೆ ಈ ಕಡೆ ಅಲ್ಲಾಡಿಸಿದ್ರೆ ಬರತ್ತೆ. ಆಮೇಲೆ ಕ್ಯಾಮನ್ನ ಸ್ವಲ್ಪ ಓರೆ ಮಾಡಿ ಚೈನಿಂದ ಕಳಚಿ ನೇರ ಮೇಲಕ್ಕೆ ಎತ್ತಿ. ಎರಡು ಕ್ಯಾಮ್ ನೋಡೋಕೆ ಒಂದೇ ಥರ ಇರ್ತಾವೆ, ಇನ್‌ಟೇಕ್ ಎಕ್ಸಾಸ್ಟ್ ಅಂತ ಚೀಟಿ ಕಟ್ಟಿಡಿ. ಬಕೆಟ್ ತೆಗೆಯೋದಾದ್ರೆ ಮ್ಯಾಗ್ನೆಟ್ಟಲ್ಲಿ ಎತ್ತಿ ಟ್ರೇಗೆ. ಹೈಡ್ರಾಲಿಕ್ ಆದ್ರೆ ಯಾವ ಮುಖ ಮೇಲೆ ಇಡಬೇಕು ಅಂತ ಮ್ಯಾನ್ಯುಯಲ್ ನೋಡಿ ಹಂಗೇ ಇಡಿ, ತಪ್ಪಾಗಿಟ್ರೆ ಒಳಗಿನ ಎಣ್ಣೆ ಇಳಿದು ಗಾಳಿ ಸೇರತ್ತೆ, ಆಮೇಲೆ ಟಕಟಕ ಅಂತ ಬಡ್ಕೊಳ್ಳತ್ತೆ.

ಹೊರಗೆ ಬಂದ ಕ್ಯಾಮ್ ನೋಡೋದು ಇಡೀ ಕೆಲಸದಲ್ಲಿ ನನಗಿಷ್ಟದ ಭಾಗ. ಲೋಬಿನ ಮೂತಿ ಮೇಲೆ ಉಗುರು ಎಳೀರಿ, ಉಗುರಿಗೆ ಗೀರು ಸಿಕ್ತು ಅಂದ್ರೆ ಆ ಕ್ಯಾಮ್ ಮುಗೀತು. ಸಣ್ಣ ಸಣ್ಣ ಗುಳಿ ಬಿದ್ದು ಮೇಲ್ಪದರ ಕಿತ್ತು ಬಂದಿದ್ರೂ ಅಷ್ಟೇ, ಅದರ ಜೊತೆ ಆ ಬಕೆಟ್ಟೂ ಹೋಗಿರತ್ತೆ, ಹೊಸ ಕ್ಯಾಮ್‌ಗೆ ಹಳೇ ಸವೆದ ಬಕೆಟ್ ಹಾಕೋದು ದುಡ್ಡು ನೀರಿಗೆ ಹಾಕಿದಂಗೆ. ಲೋಬ್ ಎತ್ತರ ಮೈಕ್ರೋಮೀಟರಲ್ಲಿ ಅಳೆದು ಒಂದಕ್ಕೊಂದು ಹೋಲಿಸಿ, ಒಂದು ಮಾತ್ರ ಗಿಡ್ಡ ಇದ್ರೆ ಮಿಸ್ ಹೊಡೀತಿದ್ದ ಸಿಲಿಂಡರ್ ಅದೇನಾ ನೋಡಿ. ಜರ್ನಲ್ (ಕ್ಯಾಮಿನ ಮೇಲೆ ಬೇರಿಂಗಲ್ಲಿ ತಿರುಗೋ ಭಾಗ) ಮತ್ತೆ ಹೆಡ್ಡಿನ ಬೇರಿಂಗ್ ಜಾಗ ಹೊಳಪಾಗಿರಬೇಕು. ಅಲ್ಲೇನಾದ್ರೂ ಉದ್ದುದ್ದ ಗೀರು ಬಿದ್ದು ಅಲ್ಯೂಮಿನಿಯಂ ಮೆತ್ಕೊಂಡಿದ್ರೆ ಆಯಿಲ್ ಹೋಗ್ತಿರಲಿಲ್ಲ ಅಂತ ಅರ್ಥ, ಕಾರಣ ಹುಡುಕದೆ ಹೊಸ ಕ್ಯಾಮ್ ಹಾಕಿದ್ರೆ ಅದನ್ನೂ ತಿನ್ನತ್ತೆ. ಡೌಟ್ ಇದ್ರೆ ಪ್ಲಾಸ್ಟಿಗೇಜ್ (ಒತ್ತಿದ್ರೆ ಚಪ್ಪಟೆಯಾಗೋ ಪ್ಲಾಸ್ಟಿಕ್ ಎಳೆ) ಒಂದು ಜರ್ನಲ್ ಮೇಲೆ ಇಟ್ಟು ಕ್ಯಾಪ್ ಟಾರ್ಕ್ ಮಾಡಿ ಬಿಚ್ಚಿ, ಚಪ್ಪಟೆಯಾದ ಅಗಲವನ್ನ ಅದರ ಜೊತೆ ಬರೋ ಅಳತೆ ಪಟ್ಟಿಗೆ ಹೋಲಿಸಿ ಬೇರಿಂಗ್ ಗ್ಯಾಪ್ ಓದಿ, ಕ್ಯಾಮ್ ಮಾತ್ರ ತಿರುಗಬಾರದು. ತುಂಬಾ ಎಂಜಿನ್‌ಗಳಿಗೆ ಈ ಗ್ಯಾಪ್ 0.10 ಎಂಎಂ ಹತ್ತಿರ ಬಂತು ಅಂದ್ರೆ ಲಿಮಿಟ್ ಮುಟ್ಟಿದಂಗೆ.

ವಾಪಸ್ ಕೂರಿಸೋಕ್ ಮುಂಚೆ ಬೋಲ್ಟ್ ತೂತುಗಳನ್ನ ನೋಡಿ. ಎಣ್ಣೆ ತುಂಬಿರತ್ತೆ. ಹಂಗೇ ಬೋಲ್ಟ್ ಇಳಿಸಿದ್ರೆ ಎಣ್ಣೆಗೆ ಹೋಗೋಕೆ ದಾರಿ ಇಲ್ದೆ ಟಾರ್ಕ್ ಸುಳ್ಳು ಬರತ್ತೆ, ಕೆಟ್ಟ ದಿನ ಆದ್ರೆ ಹೆಡ್ಡೇ ಸೀಳತ್ತೆ. ಗಾಳಿ ಹೊಡೆದು ಒಣಗಿಸಿ, ಕಣ್ಣಿಗೆ ಕನ್ನಡಕ ಹಾಕ್ಕೊಂಡು. ಬೇರಿಂಗ್ ಜಾಗ, ಜರ್ನಲ್ಲು ನಾರು ಬಿಡದ ಬಟ್ಟೆಯಲ್ಲಿ ಒರೆಸಿ, ಬಕೆಟ್‌ಗಳಿಗೆ ಎಂಜಿನ್ ಆಯಿಲ್ ಸವರಿ ಅವವೇ ಜಾಗಕ್ಕೆ ಬಿಡಿ, ಬೆರಳಲ್ಲಿ ಒತ್ತಿದ್ರೆ ಜಾರಿ ಹೋಗ್ಬೇಕು, ಬಲ ಹಾಕಬೇಡಿ. ಬಕೆಟ್ ಬದಲು ರೋಲರ್ ರಾಕರ್ ಇರೋ ಎಂಜಿನ್ ಆದ್ರೆ ಪ್ರತಿ ರಾಕರ್ ಒಂದು ತುದಿ ವಾಲ್ವ್ ಮೇಲೆ, ಇನ್ನೊಂದು ಅಡ್ಜಸ್ಟರ್ ಗುಂಡಿನ ಮೇಲೆ ಕೂತಿದೆಯಾ ಅಂತ ಒಂದೊಂದೂ ಮುಟ್ಟಿ ನೋಡಿ, ಕಣ್ಣಿಗೆ ಸರಿ ಕಂಡ್ರೂ ಒಂದಾದ್ರೂ ಪಕ್ಕಕ್ಕೆ ಜಾರಿರತ್ತೆ.

ಲೋಬು, ಜರ್ನಲ್ ಎಲ್ಲಕ್ಕೂ ಅಸೆಂಬ್ಲಿ ಲ್ಯೂಬ್ ಧಾರಾಳವಾಗಿ ಹಚ್ಚಿ. ಮೊದಲ ಕೆಲವು ಸೆಕೆಂಡು ಪಂಪಿಂದ ಎಣ್ಣೆ ಮೇಲೆ ಬರೋ ತನಕ ಕ್ಯಾಮ್ ಬದುಕೋದು ಇದರ ಮೇಲೇನೇ. ಸ್ಪ್ರಾಕೆಟ್ ಸಮೇತ ಕ್ಯಾಮ್ ಇಳಿಸ್ತಾ ಪೇಂಟ್ ಹಾಕಿದ ಲಿಂಕು ಪೇಂಟ್ ಹಾಕಿದ ಹಲ್ಲಿಗೇ ಕೂರೋ ಥರ ಚೈನ್ ಹಾಕಿ, ಕೂತ ತಕ್ಷಣ ಕೇಬಲ್ ಟೈ ಬಿಗೀರಿ. ಸಾಮಾನ್ಯವಾಗಿ ಟೆನ್ಶನರ್ ಇಲ್ಲದ ಕಡೆಯ ಕ್ಯಾಮ್ ಮೊದಲು, ಆಮೇಲೆ ಇನ್ನೊಂದು, ಕ್ರ್ಯಾಂಕಿಂದ ಮೊದಲ ಕ್ಯಾಮ್, ಅಲ್ಲಿಂದ ಎರಡನೇ ಕ್ಯಾಮ್‌ವರೆಗೆ ಚೈನ್ ಬಿಗಿಯಾಗಿರಬೇಕು, ಸಡಿಲ ಎಲ್ಲಾ ಟೆನ್ಶನರ್ ಕಡೆ ಸೇರಬೇಕು. ಕ್ಯಾಮ್ ಇಳಿಸೋವಾಗ ಲೋಬುಗಳು ಫೋಟೋದಲ್ಲಿ ಇದ್ದ ಹಾಗೇ ಇರಲಿ. ಕ್ರ್ಯಾಂಕ್ ಟಿಡಿಸಿಯಲ್ಲಿ ನಿಂತಿರೋವಾಗ ಕ್ಯಾಮ್ ಒಂದನ್ನೇ ಸ್ಪ್ಯಾನರ್ ಹಾಕಿ ಸುತ್ತಿಸಿದ್ರೆ ವಾಲ್ವ್ ಇಳಿದು ಪಿಸ್ಟನ್ ತಲೆಗೆ ಮುಟ್ಟಿ ಬಗ್ಗತ್ತೆ. ಒಂದೆರಡು ಡಿಗ್ರಿ ಹೊಂದಿಸೋದು ಬೇರೆ, ಸುತ್ತು ಹಾಕಿಸೋದು ಬೇರೆ. ಬೆಲ್ಟ್ ಎಂಜಿನ್ನಲ್ಲಿ ಇದಕ್ಕೆ ಒಂದು ಉಪಾಯ ಇದೆ, ಬೆಲ್ಟ್ ತೆಗೆದ ಮೇಲೆ ಕ್ರ್ಯಾಂಕನ್ನ ಟಿಡಿಸಿಯಿಂದ 90 ಡಿಗ್ರಿ ಹಿಂದಕ್ಕೆ ತಂದ್ರೆ ನಾಲ್ಕೂ ಪಿಸ್ಟನ್ ಸಿಲಿಂಡರ್ ನಡುಮಧ್ಯ ನಿಲ್ತಾವೆ, ಆಗ ಕ್ಯಾಮ್ ನಿಶ್ಚಿಂತೆಯಿಂದ ತಿರುಗಿಸಬಹುದು, ಬೆಲ್ಟ್ ಹಾಕೋಕ್ ಮುಂಚೆ ಕ್ಯಾಮ್ ಮಾರ್ಕಿಗೆ ತಂದು ಕ್ರ್ಯಾಂಕನ್ನ ಅದೇ 90 ಡಿಗ್ರಿ ಮುಂದಕ್ಕೆ ತನ್ನಿ.

ಕ್ಯಾಪ್ ಹಾಕೋದು ಬಿಚ್ಚಿದ್ದರ ಉಲ್ಟಾ. ನಂಬರ್, ಬಾಣ ನೋಡಿ ಇಡಿ, ಎಲ್ಲಾ ಬೋಲ್ಟ್ ಬೆರಳಲ್ಲಿ ಸಾಧ್ಯವಾದಷ್ಟು ಇಳಿಸಿ, ಆಮೇಲೆ ನಡುವಿನಿಂದ ತುದಿಗಳ ಕಡೆ ಕಾಲು ಕಾಲು ಸುತ್ತು. ಕ್ಯಾಮ್ ಸಮವಾಗಿ ಇಳೀತಿದೆಯಾ ಪಕ್ಕದಿಂದ ಬಗ್ಗಿ ನೋಡ್ತಾ ಇರಿ. ಕೊನೆಗೆ ಟಾರ್ಕ್ ರೆಂಚು, 10 ನಂಬರ್ ತಲೆಯ ಬೋಲ್ಟಿಗೆ ಸಾಮಾನ್ಯವಾಗಿ 10ರಿಂದ 14 ನ್ಯೂಟನ್ ಮೀಟರ್ ಒಳಗೇ ಇರತ್ತೆ. "ಇನ್ನೊಂಚೂರು ಇರಲಿ" ಅನ್ನೋ ಕೈಯಿಂದಲೇ ತ್ರೆಡ್ ಹೋಗೋದು. ಬೋಲ್ಟ್ ತಿರುಗ್ತಾನೇ ಇದೆ, ಟೈಟ್ ಆಗ್ತಿಲ್ಲ ಅಂದ್ರೆ ಅಲ್ಲೇ ನಿಲ್ಲಿಸಿ, ಹೆಲಿಕಾಯಿಲ್ (ಹೋದ ತ್ರೆಡ್ ಬದಲು ಕೂರಿಸೋ ತಂತಿ ಸುರುಳಿ) ಹಾಕಿಸಿ, ಅದನ್ನ ಹಂಗೇ ಬಿಟ್ಟು ಗಾಡಿ ಓಡಿಸ್ಬೇಡಿ. ಸ್ಪ್ರಾಕೆಟ್ ಬೋಲ್ಟ್ ಬಿಚ್ಚಿದ್ರೆ ಅದರ ಟಾರ್ಕ್ ಬೇರೆ, ತುಂಬಾ ಜಾಸ್ತಿ, ಕೆಲವು ಒಂದೇ ಸಲ ಬಳಸೋ ಬೋಲ್ಟು, ಮತ್ತೆ ಅದೇ ಆರು ಮೂಲೆಗೆ ಸ್ಪ್ಯಾನರ್ ಹಾಕಿ ಹಿಡೀರಿ.

ಟೆನ್ಶನರ್ ಪ್ಲಂಜರ್ ಒಳಗೆ ಒತ್ತಿ ಲಾಕ್ ಮಾಡಿಯೇ ಹಾಕ್ಬೇಕು. ಹೊರಗೆ ಬಂದಿರೋ ಪ್ಲಂಜರ್ ಸಮೇತ ಬೋಲ್ಟ್ ಬಿಗಿದ್ರೆ ಚೈನ್ ತಂತಿ ಥರ ಬಿಗಿಯಾಗತ್ತೆ, ಇಲ್ಲಾ ಚೈನ್ ಜಾರೋ ಗೈಡ್ ಪಟ್ಟಿ ಮುರಿಯತ್ತೆ. ಹಾಕಿದ ಮೇಲೆ ಲಾಕ್ ಬಿಡೋದು ಮರೀಬೇಡಿ, ಪಿನ್ ಎಳೆದಾಗ ಟಕ್ ಅಂತ ಹೊರಬಂದು ಗೈಡ್ ಒತ್ತೋದು ಕಾಣ್ಬೇಕು. ಕೇಬಲ್ ಟೈ ಕತ್ತರಿಸಿ, ತುಂಡುಗಳನ್ನ ಎಣಿಸಿ ಜೇಬಿಗೆ ಹಾಕ್ಕೊಳ್ಳಿ. ಬಾವಿಯ ಬಟ್ಟೆ, ಪ್ಲಗ್ ತೂತಿನ ಬಟ್ಟೆ ತೆಗೀರಿ.

ಈಗ ಸ್ಟಾರ್ಟ್ ಮಾಡೋ ಆಸೆ ಬರತ್ತೆ. ಬೇಡ. ಹೈಡ್ರಾಲಿಕ್ ಟ್ಯಾಪೆಟ್ ಇದ್ರೆ ಅರ್ಧ ಗಂಟೆ ಬಿಡಿ, ಉಬ್ಬಿರೋ ಟ್ಯಾಪೆಟ್ ಇಳೀಬೇಕು, ಇಲ್ದಿದ್ರೆ ವಾಲ್ವ್ ಪೂರ್ತಿ ಮುಚ್ಚದೇ ಪಿಸ್ಟನ್‌ಗೆ ಸಿಗಬಹುದು. ಆಮೇಲೆ ಕ್ರ್ಯಾಂಕನ್ನ ಕೈಯಲ್ಲಿ ಎರಡು ಪೂರ್ತಿ ಸುತ್ತು ತಿರುಗಿಸಿ, ಪ್ಲಗ್ ಇಲ್ಲದಿರೋದ್ರಿಂದ ಬರೀ ಸ್ಪ್ರಿಂಗಿನ ಒತ್ತಡ ಏರಿಳಿಯೋದು ಕೈಗೆ ಗೊತ್ತಾಗತ್ತೆ. ಎಲ್ಲಾದ್ರೂ ಗಟ್ಟಿಯಾಗಿ ತಡೆದಂಗಾದ್ರೆ ಒಂದು ಕೂದಲಷ್ಟೂ ಮುಂದೆ ಒತ್ತಬೇಡಿ, ಅಲ್ಲಿ ವಾಲ್ವ್ ಪಿಸ್ಟನ್‌ಗೆ ತಾಗಿದೆ, ಹಿಂದೆ ಬಂದು ಟೈಮಿಂಗ್ ಮತ್ತೆ ನೋಡಿ. ಎರಡು ಸುತ್ತಾದ ಮೇಲೆ ಸ್ಪ್ರಾಕೆಟ್ ಮಾರ್ಕುಗಳು ಹೆಡ್ಡಿಗೆ ಹೋಲಿಸಿ ಮೊದಲ ಫೋಟೋ ಥರಾನೇ ನಿಂತಿರಬೇಕು. ಪೇಂಟ್ ಹಾಕಿದ ಲಿಂಕ್ ಮಾತ್ರ ಬೇರೆ ಎಲ್ಲೋ ಹೋಗಿರತ್ತೆ, ಅದು ಸಹಜ, ಗಾಬರಿ ಬೇಡ. ಒಂದು ಹಲ್ಲು ಹೆಚ್ಚುಕಮ್ಮಿ ಆಗಿದ್ರೆ ಕಣ್ಣಿಗೆ ಕಾಣತ್ತೆ, "ಹತ್ತಿರ ಇದೆ, ಸಾಕು" ಅನ್ನೋ ಮಾತು ಇಲ್ಲಿ ನಡೆಯಲ್ಲ. ಶಿಮ್ ಬದಲಿಸಿದ್ರೆ ಗ್ಯಾಪ್ ಇನ್ನೊಂದ್ಸಲ ಅಳೀರಿ, ಬಕೆಟ್ ಕೆಳಗೆ ಎಣ್ಣೆ ಸೇರಿ ಒಂದೆರಡು ಕಡೆ ಬೇರೆ ಬರೋದು ಇದೆ, ಇನ್ನೆರಡು ಸುತ್ತು ಹಾಕಿ ನೋಡಿ.

ಟ್ಯಾಪೆಟ್ ಕವರ್ ಹಾಕೋಕ್ ಮುಂಚೆ ಹಳೇ ಸೀಲೆಂಟ್ ಪ್ಲಾಸ್ಟಿಕ್ ತುಂಡಲ್ಲಿ ಕೆರೆದು ತೆಗೆದು, ಮುಂದಿನ ಕ್ಯಾಪ್ ಹೆಡ್ಡಿಗೆ ಸೇರೋ ಮೂಲೆಗಳಿಗೆ, ಟೈಮಿಂಗ್ ಕವರ್ ಸೇರೋ ಸಂದಿಗೆ ಕಡಲೆ ಗಾತ್ರ ಸಿಲಿಕಾನ್. ಜಾಸ್ತಿ ಹಾಕಿದ್ರೆ ಒಳಗೆ ಉಂಡೆ ಬಿದ್ದು ಆಯಿಲ್ ಜಾಲರಿ ಕಟ್ಟತ್ತೆ. ಪೊಟ್ಟಣದ ಮೇಲೆ ಹೇಳಿದಷ್ಟು ಹೊತ್ತು ಒಣಗೋಕೆ ಬಿಡಿ.

ಪ್ಲಗ್ ಇನ್ನೂ ಹಾಕ್ಬೇಡಿ. ಫ್ಯೂಯಲ್ ಪಂಪ್ ಫ್ಯೂಸ್ ತೆಗೆದು, ಕಾಯಿಲ್ ಕನೆಕ್ಟರ್ ಬಿಚ್ಚೇ ಇಟ್ಟು, ಬ್ಯಾಟರಿ ನೆಗೆಟಿವ್ ವಾಪಸ್ ಹಾಕಿ, ಸೆಲ್ಫ್ ಐದೈದು ಸೆಕೆಂಡಿನಂತೆ ಕೆಲವು ಸಲ ಹೊಡೀರಿ, ಆಯಿಲ್ ಲೈಟ್ ಆರೋ ತನಕ. ಆಮೇಲೆ ಪ್ಲಗ್, ಕಾಯಿಲ್, ಫ್ಯೂಸ್ ಹಾಕಿ ಸ್ಟಾರ್ಟ್. ಹೈಡ್ರಾಲಿಕ್ ಇದ್ರೆ ಮೊದಲ ಕೆಲವು ನಿಮಿಷ ಟಕಟಕ ಸೌಂಡ್ ಬಂದು ತಾನೇ ಹೋಗತ್ತೆ, ಆಕ್ಸಿಲರೇಟರ್ ಜೋರಾಗಿ ಒತ್ತಬೇಡಿ. ಐಡಲ್ ನಡುಗ್ತಿದೆ, ಚೆಕ್ ಎಂಜಿನ್ ಲೈಟ್ ಬಂದು ಸ್ಕ್ಯಾನರಲ್ಲಿ ಪಿ0016 ಅಂತ ತೋರಿಸ್ತು ಅಂದ್ರೆ ಕ್ರ್ಯಾಂಕ್ ಮತ್ತೆ ಕ್ಯಾಮ್ ಲೆಕ್ಕ ತಾಳೆ ಆಗ್ತಿಲ್ಲ, ಆಫ್ ಮಾಡಿ ಮತ್ತೆ ಕವರ್ ಎತ್ತಿ ಮಾರ್ಕ್ ನೋಡಿ, ಕೋಡ್ ಅಳಿಸಿ ಓಡಿಸೋಕೆ ಹೋಗ್ಬೇಡಿ. ಎಲ್ಲಾ ಸರಿಯಿದ್ರೆ ಬಿಸಿ ಆಗೋ ತನಕ ಬಿಟ್ಟು, ಟಾರ್ಚ್ ಹಿಡಿದು ಕವರಿನ ಹಿಂದಿನ ಮೂಲೆ ನೋಡಿ, ಎಕ್ಸಾಸ್ಟ್ ಮ್ಯಾನಿಫೋಲ್ಡ್ ಕಡೆ ಸ್ವಲ್ಪ ಹೊಗೆ ಬಂದ್ರೆ ಮೊದಲೇ ಚೆಲ್ಲಿದ ಎಣ್ಣೆ ಸುಡ್ತಿರೋದೂ ಆಗಿರಬಹುದು, ಒರೆಸಿ, ಮಾರನೇ ದಿನ ಅದೇ ಮೂಲೆಗೆ ಬೆರಳು ಹಾಕಿ ನೋಡಿ, ಒಣಗಿದ್ರೆ ಸಾಮಾನೆಲ್ಲ ಎತ್ತಿಡಿ.